ಬಿಲ್ಲನ್ನು ಕೊಳ್ಳುವುದೋ, ಮಾಡುವುದೋ?

ಕಲಿತ ಶಾಲೆಯನ್ನು ಮರೆಯದಿರುವುದು ದೊಡ್ಡ ಗುಣ. ಆ ಗುಣವುಳ್ಳ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೆಲವರು ಈ ವರ್ಷ ನಮಗೊಂದು ಪತ್ರವನ್ನು ಬರೆದು, ಶಾಲೆಯಲ್ಲಿ ಬಿಲ್ವಿದ್ಯೆಯ ಅಭ್ಯಾಸವು ಆರಂಭವಾಗಿರುವುದನ್ನು ಕೇಳಿ ತಮಗೆ ಸಂತೋಷವಾಯಿತೆಂದೂ, ಎಂಟನೆಯ ತರಗತಿಯ ಬಾಲಿಕೆಯರಿಗಾಗಿ ಹನ್ನೆರಡು ಸಿದ್ಧ ಬಿಲ್ಲುಗಳನ್ನು ಕೊಂಡುಕೊಡಲು ತಾವು ಮುಂದೆ ಬಂದಿರುವುದಾಗಿಯೂ ತಿಳಿಸಿದ್ದಾರೆ. ಈ ಔದಾರ್ಯಕ್ಕೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಆದರೂ ಆ ಪತ್ರಕ್ಕೆ ಒಪ್ಪಿಗೆಯ ಉತ್ತರವನ್ನು ನಾವು ಇನ್ನೂ ಬರೆದಿಲ್ಲ. ಏತಕ್ಕೆ ಬರೆದಿಲ್ಲವೆಂಬುದನ್ನು ಪತ್ರ ಬರೆದವರಿಗೆ ಮಾತ್ರವಲ್ಲದೆ, ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳಿಗೂ ತಿಳಿಯಪಡಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಅದಕ್ಕಾಗಿ ಉಪಯೋಗಿಸಿಕೊಳ್ಳುತ್ತಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಬಿಲ್ವಿದ್ಯೆಗೆ ಹೊಸದಾಗಿ ಕೈಯಿಡುವ ಹುಡುಗಿಯ ಮೊದಲನೆಯ ಬಿಲ್ಲು ಅಂಗಡಿಯಿಂದ ಬರತಕ್ಕದ್ದಲ್ಲ. ಅದು ಅವಳ ಮೈಯ ಅಳತೆಯಿಂದ, ಅವಳ ಕೈಯ ಕೆಲಸದಿಂದ, ನಮ್ಮ ಸೀಮೆಯ ಮರ ಬಿದಿರುಗಳಿಂದ ಹುಟ್ಟತಕ್ಕದ್ದು. ಬಿಲ್ಲು ಅವಳಿಗೆ ತಕ್ಕುದಾಗಬೇಕೇ ಹೊರತು ಅವಳು ಬಿಲ್ಲಿಗೆ ತಕ್ಕವಳಾಗಬೇಕಾದುದಿಲ್ಲ.

ಈ ಮಾತು ನಮಗೆ ಪುಸ್ತಕದಿಂದ ಬಂದುದಲ್ಲ. ತಪ್ಪು ಮಾಡಿ ಕಲಿತುದು. ಮೂರು ವರ್ಷಗಳ ಹಿಂದೆ ನಾವೇ ಉತ್ಸಾಹದಿಂದ ಎರಡು ಬಿಲ್ಲುಗಳನ್ನು ಕೊಂಡು ತಂದಿದ್ದೆವು. ಅವುಗಳ ಮೇಲೆ ಮೂವತ್ತು ಪೌಂಡು ಎಂದು ಬರೆದಿತ್ತು. ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಬೆರಳುಗಳಿಗೆ ತಗಲುವ ಭಾರಕ್ಕೆ ಬಿಲ್ಲಿನ ತೂಕವೆಂದು ಹೆಸರು. ಮೂವತ್ತು ಪೌಂಡೆಂದರೆ ಹದಿಮೂರೂವರೆ ಕಿಲೋಗ್ರಾಮಿಗೆ ಸ್ವಲ್ಪ ಮೇಲೆ. ಹದಿಮೂರು ವಯಸ್ಸಿನ ಹುಡುಗಿಯು ಆ ಭಾರವನ್ನು ಮೂರು ಬೆರಳಿನಲ್ಲಿ ಹಿಡಿದು ನಿಲ್ಲುವುದೆಂತು? ನಮ್ಮ ಬಾಲಿಕೆಯರು ಹಟತೊಟ್ಟು ಎಳೆದರು. ಭುಜವನ್ನು ಕಿವಿಯವರೆಗೆ ಎತ್ತಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಉಸಿರು ಕಟ್ಟಿ, ಗುರಿಯನ್ನು ನೋಡುವುದಕ್ಕೆ ಮೊದಲೇ ಬಾಣವನ್ನು ಬಿಟ್ಟುಬಿಡುತ್ತಿದ್ದರು. ಒಂದು ತಿಂಗಳಿನಲ್ಲಿ ಅವರು ಬಿಲ್ವಿದ್ಯೆಯನ್ನು ಕಲಿಯಲಿಲ್ಲ. ತಪ್ಪಾಗಿ ನಿಲ್ಲುವುದನ್ನು ಕಲಿತರು. ಒಬ್ಬಳಿಗೆ ಭುಜದ ನೋವು ಬಂದು ಹದಿನೈದು ದಿನ ಬರೆಯುವುದೂ ಕಷ್ಟವಾಯಿತು. ಅಂಗಡಿಯವನ ಮೇಲೆ ನಮಗೆ ದೂರಿಲ್ಲ. ಕೇಳಿದುದನ್ನು ಅವನು ಕೊಟ್ಟನು. ಕೇಳುವಾಗ ಹುಡುಗಿಯರ ತೋಳನ್ನು ಅಳೆಯದೆ ಹೋದವರು ನಾವು. ಆ ಎರಡು ಬಿಲ್ಲುಗಳು ಈಗಲೂ ನಮ್ಮ ಕೋಣೆಯ ಗೋಡೆಯ ಮೇಲಿವೆ. ನೋಡಿದಾಗಲೆಲ್ಲ ನಮಗೆ ಪಾಠ ಹೇಳುತ್ತಿವೆ.

ಹೆಣ್ಣುಮಕ್ಕಳಿಗೆ ಬಿಲ್ಲೇಕೆಂದು ಕೇಳುವವರು ನಮ್ಮ ನಾಡಿನಲ್ಲಿ ಇರಲಾರರೆಂದು ನಂಬಿದ್ದೆವು; ಇದ್ದಾರೆ. ಅವರು ಒಮ್ಮೆ ಬೇಲೂರಿಗೆ ಹೋಗಿ ಬರಲಿ. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದು ನಿಂತ ಬೇಟೆಗಾತಿಯನ್ನು ಶಿಲ್ಪಿಯು ದರ್ಪಣ ಹಿಡಿದ ಸುಂದರಿಯ ಸಾಲಿನಲ್ಲಿಯೇ ನಿಲ್ಲಿಸಿದ್ದಾನೆ. ಎರಡೂ ಹೆಣ್ಣಿಗೆ ಒಪ್ಪುವುವೆಂದು ಅವನಿಗೆ ಅಂದೇ ತೋರಿತ್ತು. ವಿಜಯದಶಮಿಯಂದು ನಮ್ಮ ಸುತ್ತಣ ಊರುಗಳಲ್ಲಿ ಬನ್ನಿಯ ಮುಂದೆ ಅಂಬು ಹೊಡೆಯುವ ಪದ್ಧತಿಯನ್ನು ಕಂಡೇ ಬೆಳೆದ ಮಕ್ಕಳಿವರು. ಹೊರದೇಶಗಳನ್ನು ನೋಡುವುದಾದರೆ, 1908ರ ಲಂಡನ್ ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರ ಬಿಲ್ವಿದ್ಯೆಯ ಸುವರ್ಣ ಪದಕವನ್ನು ಗೆದ್ದ ಕ್ವೀನೀ ನ್ಯೂಯೆಲ್ ಎಂಬಾಕೆಗೆ ಆಗ ವಯಸ್ಸು ಐವತ್ತಮೂರು. ಜಪಾನಿನಲ್ಲಿ ಪ್ರೌಢಶಾಲೆಯ ಹುಡುಗಿಯರು ತಮಗಿಂತಲೂ ಎತ್ತರವಾದ ಬಿಲ್ಲನ್ನು ಹಿಡಿದು ಕ್ಯೂಡೋ ಎಂಬ ಅಭ್ಯಾಸವನ್ನು ನಡೆಸುವರು. ಆ ಜಪಾನೀ ಬಿಲ್ಲು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಏತಕ್ಕೆಂದರೆ ಅದು ಒಂದೇ ಮರದ ತುಂಡಲ್ಲ, ಬಿದಿರಿನ ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟಿದ ಪದರಗಳ ಬಿಲ್ಲು. ನಾವು ನಮ್ಮ ಶಾಲೆಯಲ್ಲಿ ಮಾಡಲೆಳಸುವುದೂ ಪದರಗಳ ಬಿಲ್ಲನ್ನೇ.

ಪದರಗಳೇಕೆ ಎಂದು ಕೇಳಬಹುದು. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬಿಲ್ಲಿನ ಬೆನ್ನು, ಹಿಗ್ಗುವುದು. ಎಳೆಯುವವಳ ಕಡೆಗಿರುವ ಮೈ, ಅಂದರೆ ಹೊಟ್ಟೆ, ಕುಗ್ಗುವುದು. ನಡುವೆ ಹಿಗ್ಗದೆ ಕುಗ್ಗದೆ ಇರುವ ತಾಣವೊಂದುಂಟು. ಹಿಗ್ಗನ್ನು ತಾಳಬಲ್ಲುದು ಒಂದು ವಸ್ತು, ಒತ್ತಡವನ್ನು ತಾಳಬಲ್ಲುದು ಇನ್ನೊಂದು. ಇಂಗ್ಲೆಂಡಿನ ಹಳೆಯ ಬಿಲ್ಲುಗಾರರು ಯೂ ಎಂಬ ಮರದ ಹೊರತಿರುಳನ್ನು ಬೆನ್ನಿಗೂ ಒಳತಿರುಳನ್ನು ಹೊಟ್ಟೆಗೂ ಬರುವಂತೆ ಸೀಳಿ, ಸೃಷ್ಟಿಯೇ ಕೂಡಿಸಿಟ್ಟ ಎರಡು ಪದರಗಳನ್ನು ಉಪಯೋಗಿಸಿಕೊಂಡರು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಎಂಬ ಹಡಗಿನಲ್ಲಿ ಅಂತಹ ಬಿಲ್ಲುಗಳು ನೂರಕ್ಕೂ ಮೇಲಾಗಿ ದೊರೆತವು. ನಮ್ಮಲ್ಲಿ ಯೂ ಮರವಿಲ್ಲ. ಆದರೆ ಹಿಗ್ಗನ್ನು ತಾಳುವುದರಲ್ಲಿ ಬಿದಿರಿನ ಹೊರಮೈಗೆ ಸಮನಾದುದು ಅಪರೂಪ. ಒತ್ತಡವನ್ನು ತಾಳುವುದಕ್ಕೆ ನಮ್ಮ ಕಾಡುಗಳಲ್ಲಿಯೇ ತಡಸಲು ಮರವುಂಟು. ಕೊಡಲಿಯ ಕಾವು, ಗಾಡಿಯ ಮೂಕಿ ಮುಂತಾದ, ಬಾಗಿದರೂ ಮುರಿಯಬಾರದ ವಸ್ತುಗಳಿಗೆ ನಮ್ಮ ಹಿರಿಯರು ಆರಿಸಿಕೊಳ್ಳುತ್ತಿದ್ದ ಮರವದು. ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷವೆಂಬ ಹೆಸರೇ ಇರುವುದು. ಹೆಸರಿನಲ್ಲಿಯೇ ಬಿಲ್ಲನ್ನಿಟ್ಟುಕೊಂಡ ಮರವು ನಮ್ಮ ಸೀಮೆಯಲ್ಲಿರುವಾಗ ದೂರದ ಸರಕಿಗೆ ಕೈನೀಡುವುದೇಕೆ?

ಈಗ ಅಳತೆಯ ವಿಚಾರ. ಇದೇ ನಮಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಭಾಗ. ಹುಡುಗಿಯು ಗೋಡೆಗೆ ಬೆನ್ನುಕೊಟ್ಟು ಎರಡು ತೋಳುಗಳನ್ನೂ ಚಾಚಿ ನಿಲ್ಲುವಳು. ನಮ್ಮ ಅಜ್ಜಿಯರು ಮಾರು ಎಂದು ಕರೆಯುತ್ತಿದ್ದ ಅಳತೆಯಿದು. ಅದು ಅರವತ್ತು ಅಂಗುಲವಾದರೆ, ಎರಡೂವರೆಯಿಂದ ಭಾಗಿಸಿದಾಗ ಬರುವ ಇಪ್ಪತ್ತನಾಲ್ಕು ಅಂಗುಲವು ಅವಳ ಎಳೆತದ ಉದ್ದವಾಗುವುದು. ಬಿಲ್ಲಿನ ತೋಳುಗಳು ಮುರಿಯದೆ ಬಾಗಬೇಕಾದರೆ ಅವೆರಡರ ಉದ್ದವು ಎಳೆತದ ಎರಡೂವರೆ ಪಟ್ಟು ಇರುವುದು ಕ್ಷೇಮ. ಬಾಗದಿರುವ ಹಿಡಿಗೆ ಇನ್ನು ಆರು ಅಂಗುಲವನ್ನು ಸೇರಿಸಬೇಕು. ಹೀಗೆ ಅರವತ್ತಾರು ಅಂಗುಲ. ಗಣಿತ ಬಲ್ಲ ಮಕ್ಕಳು ಆಗಲೇ ಕಂಡುಹಿಡಿದಿರುವರು: ಭಾಗಿಸಿದುದನ್ನೇ ಮತ್ತೆ ಗುಣಿಸಿದುದರಿಂದ, ಬಿಲ್ಲೆಂಬುದು ಅವಳ ಒಂದು ಮಾರಿನ ಮೇಲೆ ಹಿಡಿಗೆಂದು ಆರು ಅಂಗುಲವಷ್ಟೆ. ಹೆದೆಯೇರಿಸಿದ ಬಿಲ್ಲಿನಲ್ಲಿ ಹಿಡಿಗೂ ಹೆದೆಗೂ ಇರಬೇಕಾದ ಅಂತರವನ್ನು ತಿಳಿಯುವುದಕ್ಕೂ ಅಳತೆಪಟ್ಟಿ ಬೇಡ. ಮುಷ್ಟಿಯನ್ನು ಹಿಡಿಗೆ ತಾಗಿಸಿ ಹೆಬ್ಬೆರಳನ್ನು ಎತ್ತಿದರೆ ಅದರ ತುದಿಯು ಹೆದೆಯನ್ನು ಮುಟ್ಟಬೇಕು. ತರಗತಿಯಲ್ಲಿ ಮೂವತ್ತು ಹುಡುಗಿಯರಿದ್ದರೆ ಮೂವತ್ತು ಮಾರು, ಮೂವತ್ತು ಮುಷ್ಟಿ. ಒಬ್ಬಳದು ಇನ್ನೊಬ್ಬಳದಕ್ಕೆ ಸರಿಹೋಗಬೇಕೆಂಬ ನಿಯಮವಿಲ್ಲ. ಅಂಕಪಟ್ಟಿಯ ಮುಂದೆ ಸಾಲಾಗಿ ನಿಲ್ಲುವುದನ್ನೇ ಕಂಡ ಮಕ್ಕಳಿಗೆ ಈ ಅನುಭವವು ಹೊಸದು.

ತೂಕವು ಹದಿನೆಂಟರಿಂದ ಇಪ್ಪತ್ತು ಪೌಂಡಿಗೆ ಮೀರಬಾರದು. ಇದು ಎಂಟು ಒಂಬತ್ತು ಕಿಲೋಗ್ರಾಮಿನಷ್ಟು. ಹಗುರವಾದ ಬಿಲ್ಲು ಅವಮಾನವಲ್ಲ. ಹಗುರವಾದುದರಲ್ಲಿ ನೆಟ್ಟಗೆ ನಿಂತವಳು ನಾಳೆ ಭಾರವಾದುದರಲ್ಲಿಯೂ ನೆಟ್ಟಗೆ ನಿಲ್ಲುವಳು. ಭಾರವಾದುದರಲ್ಲಿ ಬಾಗಿದವಳು ಹಗುರವಾದುದನ್ನು ಕೊಟ್ಟರೂ ಬಾಗಿಯೇ ನಿಲ್ಲುವಳು.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಚೆನ್ನಾಗಿ ಒಣಗಿದ ದಪ್ಪ ಬಿದಿರನ್ನು ಸೀಳಿ, ಒಳಮೈಯನ್ನು ಮಾತ್ರ ಹೆರೆದು, ಮೂರು ಮಿಲಿಮೀಟರಿನ ಪಟ್ಟಿಯಾಗಿಸುವುದು, ಇದು ಬೆನ್ನು. ನಡುವೆ ನಾಲ್ಕು ಮಿಲಿಮೀಟರಿನ ಮರದ ಪಟ್ಟಿ. ಹೊಟ್ಟೆಗೆ ಐದು ಮಿಲಿಮೀಟರಿನ ತಡಸಲು. ಎಳೆಗಳು ತುದಿಯಿಂದ ತುದಿಗೆ ನೇರವಾಗಿ ಓಡುವ ಮರವೇ ಆಗಬೇಕು. ಎಳೆಯು ಅಡ್ಡಕ್ಕೆ ಹಾದುಹೋದಲ್ಲಿ ಬಿರುಕು ಕಾದಿರುವುದು. ಹರಿಹರದ ಕಡೆಯ ಪೋಷಕರೊಬ್ಬರು ತಮ್ಮ ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಗಾಡಿಯ ಮೂಕಿಯನ್ನು ಕೊಟ್ಟರು. ಎಷ್ಟೋ ಬೇಸಗೆಗಳನ್ನು ಕಂಡು ಒಣಗಿದ್ದ ಆ ಮರವು ನಮ್ಮ ಮೊದಲ ಆರು ಬಿಲ್ಲುಗಳಿಗೆ ಹೊಟ್ಟೆಯಾಯಿತು. ಹಿಡಿಯ ಭಾಗಕ್ಕೆ ಮರದ ತುಂಡೊಂದನ್ನು ಮೇಲೆ ಕೂಡಿಸುವುದುಂಟು.

ಪದರಗಳನ್ನು ಕೂಡಿಸಲು ಹಿಂದಿನವರು ಚರ್ಮವನ್ನು ಕುದಿಸಿ ಮಾಡಿದ ಮರವಜ್ರವನ್ನು ಉಪಯೋಗಿಸುತ್ತಿದ್ದರು. ನಾವು ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಅಂಟನ್ನು, ಕೈಗವಸು ತೊಟ್ಟು, ಕಿಟಕಿಗಳನ್ನು ತೆರೆದಿಟ್ಟು ಬಳಸುವೆವು. ಬಡಗಿಗಳ ಬಿಳಿಯ ಗೋಂದು ಮೇಜು ಕುರ್ಚಿಗಳಿಗೆ ಸಾಕು. ಸದಾ ಬಾಗುವ ಪದರಗಳ ನಡುವೆ ಅದು ಕಾಲಕ್ರಮದಲ್ಲಿ ಮೆಲ್ಲನೆ ಜಾರುವುದು. ಕ್ಲಾಂಪುಗಳು ಸಾಲದಿದ್ದಾಗ ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಉದ್ದಕ್ಕೂ ಸುತ್ತಿದರೆ ಒತ್ತಡವು ಸಮವಾಗಿ ಬೀಳುವುದು. ಬಲವಾಗಿ ಬಿಗಿದಷ್ಟೂ ಒಳ್ಳೆಯದೆಂದು ಹುಡುಗಿಯರು ಮೊದಲು ತಿಳಿದಿದ್ದರು. ಹಾಗಲ್ಲ, ಅತಿಯಾಗಿ ಬಿಗಿದರೆ ಅಂಟೆಲ್ಲವೂ ಹೊರಕ್ಕೆ ಹರಿದು ಪದರಗಳ ನಡುವೆ ಏನೂ ಉಳಿಯದು.

ಇನ್ನು ಬಾಗನ್ನು ತಿದ್ದುವ ಕೆಲಸ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಅಗಲವನ್ನು ಹಿಡಿಯ ಬಳಿ ಒಂದೂಕಾಲು ಅಂಗುಲಕ್ಕೂ ತುದಿಗಳಲ್ಲಿ ಅರ್ಧ ಅಂಗುಲಕ್ಕೂ ಹತ್ತರಿಯಿಂದ ಇಳಿಸಿ, ತುದಿಗಳಲ್ಲಿ ಹೆದೆಗೆ ಕಚ್ಚುಗಳನ್ನು ಕೊರೆದು, ಬಿಲ್ಲನ್ನು ಗೋಡೆಯ ಹಲಗೆಗೆ ಸಿಕ್ಕಿಸಿ, ಸಂತೆಯಲ್ಲಿ ಬಳಸುವ ಕೊಕ್ಕೆಯ ತಕ್ಕಡಿಯಿಂದ ಸ್ವಲ್ಪ ಸ್ವಲ್ಪವೇ ಎಳೆಯುವುದು. ಒಬ್ಬಳು ಎಳೆಯುವಾಗ ಇನ್ನೊಬ್ಬಳು ದೂರ ನಿಂತು ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೇ ಎಂದು ನೋಡುವಳು. ಬಿಗಿಯಾಗಿರುವಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಿ, ಹೊಟ್ಟೆಯ ಮರವನ್ನು ಅಲ್ಲಿ ಮಾತ್ರ ನಾಲ್ಕೈದು ಸಲ ಹೆರೆದು, ಮತ್ತೆ ಎಳೆದು ನೋಡಬೇಕು. ಹೆಚ್ಚಾಗಿ ಬಾಗುವ ದುರ್ಬಲ ಸ್ಥಳವನ್ನು ಮುಟ್ಟಲೇಬಾರದು. ಅದರ ಅಕ್ಕಪಕ್ಕದ ಬಿಗಿಯನ್ನು ತಗ್ಗಿಸಿ ಅದಕ್ಕೆ ಜೊತೆಗೊಡಬೇಕು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆಯೂ ನಮಗೆ ಇದು ಹೊಸ ಪಾಠದಂತೆ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇವೆ.

ಇಲ್ಲಿ ಗಣಿತವು ಬಹಳ ಕಠಿನ. ಬಿಲ್ಲಿನ ಅಗಲದಲ್ಲಿ ಹತ್ತರಲ್ಲೊಂದು ಪಾಲು ಕಳೆದರೆ ಬಿಗಿಯೂ ಹತ್ತರಲ್ಲೊಂದು ಪಾಲು ಕಳೆಯುವುದು. ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಕಳೆದರೆ, ಬಿಗಿಯು ದಪ್ಪದ ಘನವನ್ನು ಅನುಸರಿಸುವುದರಿಂದ, ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಹೋಗುವುದು. ಒಂದು ಮಿಲಿಮೀಟರಿನ ಅವಸರವು ಇಡೀ ಬಿಲ್ಲನ್ನು ಕೆಡಿಸಬಲ್ಲುದು. ಹೆರೆದುದನ್ನು ಮರಳಿ ಕೂಡಿಸುವ ಉಪಾಯವಿಲ್ಲ. ಘನವೆಂದರೇನೆಂದು ಕಪ್ಪುಹಲಗೆಯ ಮೇಲೆ ನಾವು ವರ್ಷಗಟ್ಟಲೆ ಬರೆದಿದ್ದೇವೆ. ಮಕ್ಕಳು ಅದನ್ನು ಬೆರಳಿನಲ್ಲಿ ತಿಳಿದುದು ಇಲ್ಲಿಯೇ.

ಇಷ್ಟನ್ನು ಓದಿದವರು ನಮ್ಮನ್ನು ಈ ವಿಷಯದಲ್ಲಿ ನಿಪುಣರೆಂದು ತಿಳಿಯಬಾರದು. ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಮಕ್ಕಳ ಮೊದಲ ಬಿಲ್ಲನ್ನು ಪ್ರದರ್ಶನದಲ್ಲಿಟ್ಟಿದ್ದೆವು. ಅದರ ಹಿಂದಿನ ದಿನ ಆ ಬಿಲ್ಲನ್ನು ನೋಡಿ, ಬಿದಿರಿನ ಗಿಣ್ಣುಗಳು ಉಬ್ಬಿಕೊಂಡು ಅಂದಗೆಟ್ಟಿವೆಯೆಂದು ನಮಗೆ ತೋರಿತು. ಗಿಣ್ಣುಗಳನ್ನು ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಮೆರುಗೆಣ್ಣೆ ಹಚ್ಚಿ ಕನ್ನಡಿಯಂತೆ ಮಾಡಿರೆಂದು ಮಕ್ಕಳಿಗೆ ಹೇಳಿದವರು ನಾವೇ. ಅವರು ಹೇಳಿದಂತೆ ಮಾಡಿದರು. ಮರುದಿನ ಸಭೆಯ ಮುಂದೆ ಒಬ್ಬ ಹುಡುಗಿಯು ಅದನ್ನೆತ್ತಿ ಎಳೆದಾಗ, ಗಿಣ್ಣಿದ್ದ ಸ್ಥಳದಲ್ಲಿಯೇ ಬಿದಿರು ಸಿಬಿರೆದ್ದು ಬಿಲ್ಲು ಮುರಿಯಿತು. ತೋಳಿಗೆ ಚರ್ಮದ ಪಟ್ಟಿಯನ್ನು ಕಟ್ಟಿದ್ದುದರಿಂದ ಅವಳಿಗೆ ಗಾಯವಾಗಲಿಲ್ಲ, ದೇವರ ದಯೆ. ಆದರೆ ಅವಳು ನಮ್ಮ ಮುಖವನ್ನು ನೋಡಿದ ಬಗೆಯನ್ನು ನಾವು ಮರೆತಿಲ್ಲ. ತನ್ನ ಕೈಯ ತಪ್ಪೆಂದು ಅವಳು ತಿಳಿದಿದ್ದಳು.

ಸಭೆ ಮುಗಿದ ಮೇಲೆ ಅವಳ ತಂದೆ ಬಂದರು. ಎಸ್.ಎಸ್. ಬಡಾವಣೆಯ ಹೊಸ ಮನೆಗಳಿಗೆ ಬಾಗಿಲು ಕಿಟಕಿಗಳನ್ನು ಕೂಡಿಸುವ ಬಡಗಿ ಅವರು. ಕೋಪಿಸಿಕೊಳ್ಳುವರೆಂದು ನಾವು ಕಾದಿದ್ದೆವು. ಅವರು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಬಿದಿರಿನ ಜೀವ ಇರೋದೇ ಮೇಲಿನ ಸಿಪ್ಪೇಲಿ, ಮೇಡಂ. ಚಂದ ಕಾಣ್ಲಿ ಅಂತ ಅದನ್ನೇ ತೆಗೆದುಬಿಟ್ಟೀರಿ" ಎಂದರು. ಬಿದಿರಿನ ಬಲವೆಲ್ಲ ಹೊರಮೈಯ ಒತ್ತಾದ ನಾರುಗಳಲ್ಲಿದೆ. ಗಿಣ್ಣನ್ನು ಸಮಮಾಡಿದರೆ ಆ ನಾರುಗಳು ತುಂಡಾಗುವುವು. ನಾವು ಆ ಹುಡುಗಿಯನ್ನು ಕರೆದು, ಅವಳ ತಂದೆಯ ಎದುರಿನಲ್ಲಿಯೇ, ತಪ್ಪು ನಮ್ಮದೆಂದು ಹೇಳಿದೆವು. ಮುಂದಿನ ವಾರದಿಂದ ಆ ಬಡಗಿಯವರು ಶನಿವಾರ ಶನಿವಾರ ಒಂದು ಗಂಟೆಯ ಹೊತ್ತು ಬಂದು ಹತ್ತರಿ ಹಿಡಿಯುವುದನ್ನೂ ಉಳಿ ಮಸೆಯುವುದನ್ನೂ ಕಲಿಸುತ್ತಿದ್ದಾರೆ. ಅವರ ಮಗಳು ಮಾಡಿದ ಎರಡನೆಯ ಬಿಲ್ಲಿನಲ್ಲಿ ಗಿಣ್ಣುಗಳು ಉಬ್ಬಿಕೊಂಡೇ ಇವೆ. ಆ ಬಿಲ್ಲು ಚೆನ್ನಾಗಿದೆ.

ನಮ್ಮ ಅಭಿಪ್ರಾಯಕ್ಕೆ ಬಂದಿರುವ ಆಕ್ಷೇಪಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು, ಗರಗಸ ಹತ್ತರಿಗಳು ಹೆಣ್ಣುಮಕ್ಕಳ ಕೈಗೆ ತಕ್ಕವಲ್ಲವೆಂಬುದು. ಸೂಜಿಯೂ ಚುಚ್ಚುವುದು, ಈಳಿಗೆಯೂ ಕೊಯ್ಯುವುದು, ಒಲೆಯೂ ಸುಡುವುದು. ಅವುಗಳನ್ನು ನಾವು ಮಗಳ ಕೈಗೆ ಕೊಡುವಾಗ ಇಷ್ಟು ಚಿಂತಿಸುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳ ಜೊತೆಯಲ್ಲಿಯೇ ಮುದ್ರಣ, ನೇಯ್ಗೆ, ಹಂಚಿನ ಕೆಲಸಗಳನ್ನೂ ಬೆಳೆಸಿದರು. ಆದರೂ ಮಿಷನ್ ಶಾಲೆಗಳಲ್ಲಿ ಹುಡುಗಿಯರ ಪಾಲಿಗೆ ಬಹುಕಾಲ ಬಂದುದು ಹೊಲಿಗೆ ಕಸೂತಿಗಳೇ. ಅವುಗಳನ್ನು ನಾವೂ ಪ್ರೀತಿಯಿಂದ ಕಲಿತೆವು, ಪ್ರೀತಿಯಿಂದ ಕಲಿಸುತ್ತಿದ್ದೇವೆ. ಅವುಗಳಲ್ಲಿಯೇ ನಿಂತುಬಿಡುವುದಕ್ಕೆ ಕಾರಣವನ್ನು ಕಾಣೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್ ದೇಶದ ನೇಸ್ ಎಂಬಲ್ಲಿ ಒಟ್ಟೋ ಸಲೋಮನ್ನರು ಶಾಲೆಯ ಮರಗೆಲಸವನ್ನು ಕಲಿಸುವ ವಿಧಾನವನ್ನು ಏರ್ಪಡಿಸಿದಾಗ ಉಪಾಧ್ಯಾಯಿನಿಯರೂ ಅಲ್ಲಿಗೆ ಹೋಗಿ ಕಲಿತರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ವಿದ್ಯೆಯೆಂದು ಹೇಳಿದಾಗಲೂ ಗಂಡುಮಕ್ಕಳಿಗೆ ಮಾತ್ರವೆಂದು ಹೇಳಲಿಲ್ಲ.

ಎರಡನೆಯದು ಪರೀಕ್ಷೆಯ ಭಯ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗಳ ಅಂಕಗಳ ಮೇಲೆ ಮನೆಯ ಆಸೆಯೆಲ್ಲವೂ ನಿಂತಿರುವ ಸಂಸಾರಗಳನ್ನು ನಾವು ಬಲ್ಲೆವು. ಆದುದರಿಂದಲೇ ಈ ಕೆಲಸವನ್ನು ಹತ್ತನೆಯ ತರಗತಿಗೆ ಇಟ್ಟಿಲ್ಲ. ಎಂಟನೆಯ ತರಗತಿಗೆ, ಶನಿವಾರ ಎರಡು ಗಂಟೆಯಂತೆ ಹನ್ನೆರಡು ವಾರಗಳಿಗೆ ಮಾತ್ರ ಇಟ್ಟಿದ್ದೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯೊಳಗೆ ಹತ್ತು ದಿನಗಳನ್ನು ಮಕ್ಕಳು ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿ ಕಲಿಯುತ್ತ ಕಳೆಯಬೇಕೆಂದು ಸೂಚಿಸಿತು.

ಮೂರನೆಯದು ಅಪಾಯ. ಬಿಲ್ಲು ಆಟದ ಸಾಮಾನಲ್ಲ; ಮುರಿದ ಬಿಲ್ಲನ್ನು ಕಂಡವರು ನಾವು. ಆದಕಾರಣ ಕೆಲವು ನಿಯಮಗಳನ್ನು ಮಾಡಿದ್ದೇವೆ. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬಾರದು. ಬಾಣವನ್ನು ನೂಕಬೇಕಾದ ಬಲವೆಲ್ಲವೂ ಆಗ ಬಿಲ್ಲನ್ನೇ ಒಡೆಯುವುದು. ಅವಳ ಅಳತೆಗೆ ಮೀರಿ ಇನ್ನೊಬ್ಬರು ಅದನ್ನು ಎಳೆಯಬಾರದು. ಊರಿಂದ ಬಂದ ಅಣ್ಣನಿಗೂ ಈ ನಿಯಮವು ಸಲ್ಲುವುದು. ಅಭ್ಯಾಸ ಮುಗಿದೊಡನೆ ಹೆದೆಯನ್ನು ಇಳಿಸಬೇಕು. ಏಪ್ರಿಲ್ ತಿಂಗಳಿನ ನಮ್ಮೂರಿನ ಬಿಸಿಲಿನಲ್ಲಿ ಅದನ್ನು ಬಿಡಬಾರದು. ಗುರಿಯ ಹಿಂದೆ ಹುಲ್ಲಿನ ಗೋಡೆಯೂ ಬಲೆಯೂ ಇರಬೇಕು. ಎಲ್ಲರೂ ಬಾಣ ಬಿಟ್ಟು ಮುಗಿಸುವವರೆಗೆ ಒಬ್ಬಳೂ ಗೆರೆಯನ್ನು ದಾಟಬಾರದು. ಬಾಣಗಳನ್ನು ಮಾತ್ರ ಕೊಂಡೇ ತರುವೆವು. ಕಾಣದ ಬಿರುಕುಳ್ಳ ಬಾಣವು ಬಿಡುವಾಗ ಒಡೆದು ಕೈಗೆ ನಾಟುವ ಭಯವುಂಟು.

ನಾಲ್ಕನೆಯ ಆಕ್ಷೇಪವನ್ನು ನಾವು ಅರ್ಧ ಒಪ್ಪುವೆವು. ಮುಂದೆ ಪಂದ್ಯಗಳಿಗೆ ಹೋಗಬೇಕೆನ್ನುವವಳಿಗೆ ಹೊಸ ಬ��ೆಯ ಬಿಲ್ಲು ಬೇಕೇ ಬೇಕು. ನಿಜ. ಆದರೆ ರಾಂಚಿಯ ಕಡೆಯ ದೀಪಿಕಾ ಕುಮಾರಿಯವರು ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲಿನಿಂದ ಆರಂಭಿಸಿ 2010ರ ದೆಹಲಿಯ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ಎರಡು ಸುವರ್ಣ ಪದಕಗಳನ್ನು ಗೆದ್ದರು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವು ಬಿದಿರು ಮರಗಳ ಬಿಲ್ಲಿಗಾಗಿಯೇ ಇದೆ. ಮೊದಲ ಬಿಲ್ಲು ಮರದ್ದಾದರೆ ಮುಂದಿನ ದಾರಿ ಮುಚ್ಚುವುದಿಲ್ಲ. ಅಂತಹ ಹುಡುಗಿಯೊಬ್ಬಳು ನಮ್ಮಲ್ಲಿ ಕಾಣಿಸಿಕೊಂಡ ದಿನ ನಾವೇ ಹಳೆಯ ವಿದ್ಯಾರ್ಥಿನಿಯರ ಬಾಗಿಲಿಗೆ ಬರುವೆವು.

ಕೊನೆಯದಾಗಿ ನಮ್ಮೂರಿನ ಮಾತು. ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರಾದ ಊರು; ಆ ಗಿರಣಿಗಳಲ್ಲಿ ಅನೇಕವು ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಬಹುಕಾಲ ಲೇತ್ ಯಂತ್ರಗಳನ್ನು ಮಾಡಿ ಕಳುಹಿಸಿತು, ಅದೂ ಈಗಿಲ್ಲ. ಯಂತ್ರಗಳು ಹೋದರೂ ಆ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದ ಹೇಳಬಲ್ಲ ಅಜ್ಜಂದಿರು ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತಿರುವರು. ಮೊಮ್ಮಗಳು ಅವರನ್ನು ಏನನ್ನೂ ಕೇಳುವುದಿಲ್ಲ, ಏತಕ್ಕೆಂದರೆ ಅವಳ ಪಾಠಗಳಲ್ಲಿ ಅವರನ್ನು ಕೇಳಬೇಕಾದುದು ಯಾವುದೂ ಇಲ್ಲ. ಕೊಂಡು ತಂದ ಬಿಲ್ಲು ಅವಳನ್ನು ಆ ಜಗಲಿಗೆ ಕರೆದೊಯ್ಯಲಾರದು. ಮಾಡಬೇಕಾದ ಬಿಲ್ಲು ಕರೆದೊಯ್ಯುವುದು.

ಆದುದರಿಂದ ಪತ್ರ ಬರೆದ ನಮ್ಮ ಪ್ರೀತಿಯ ವಿದ್ಯಾರ್ಥಿನಿಯರಿಗೆ ನಮ್ಮ ಉತ್ತರವಿದು. ಹನ್ನೆರಡು ಬಿಲ್ಲುಗಳು ಬೇಡ. ಅದೇ ಹಣದಲ್ಲಿ ಹನ್ನೆರಡು ಕ್ಲಾಂಪುಗಳನ್ನೂ, ನಾಲ್ಕು ಒಳ್ಳೆಯ ಹತ್ತರಿಗಳನ್ನೂ, ತೋಳಿಗೆ ಕಟ್ಟುವ ಚರ್ಮದ ಪಟ್ಟಿಗಳನ್ನೂ, ಬಾಣಗಳನ್ನೂ, ಗುರಿಯ ಹಿಂದಿನ ಬಲೆಯನ್ನೂ ಕೊಡಿಸಿರಿ. ಮನೆಯಲ್ಲಿ ಹಳೆಯ ತಡಸಲಿನ ತುಂಡಿದ್ದರೆ ಅದನ್ನು ಒಲೆಗೆ ಹಾಕದೆ ಕಳುಹಿಸಿರಿ. ಪೋಷಕರಲ್ಲಿ ನಮ್ಮ ಬೇಡಿಕೆ ಇನ್ನೂ ಚಿಕ್ಕದು: ಹನ್ನೆರಡು ಶನಿವಾರಗಳು, ಮತ್ತು ಕೈಕೆಲಸ ಬಲ್ಲ ಹಿರಿಯರ ಒಂದು ಗಂಟೆ.

ಹನ್ನೆರಡು ವಾರಗಳಲ್ಲಿ ಎಲ್ಲರ ಬಿಲ್ಲೂ ಸಿದ್ಧವಾಗುವುದೆಂದು ನಾವು ಮಾತು ಕೊಡಲಾರೆವು. ಕೆಲವು ಮುರಿಯುವುವು. ಮುರಿದ ಬಿಲ್ಲಿನ ಮುಂದೆ ಕುಳಿತು ಎಲ್ಲಿ ತಪ್ಪಾಯಿತೆಂದು ಹುಡುಕುವ ಹುಡುಗಿಯನ್ನು ನೀವು ಒಮ್ಮೆ ಬಂದು ನೋಡಬೇಕು. ಬರುವ ಶನಿವಾರ ಮಧ್ಯಾಹ್ನ ಶಾಲೆಯ ಹಿಂಭಾಗದ ಕೋಣೆಯ ಬಾಗಿಲು ತೆರೆದಿರುವುದು.